ಅಜ್ಜಂಪುರದ ಕಚ್ಚುವ ಪೆಟ್ಟಿಗೆ

2023ರ ಬೇಸಿಗೆ. ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗ ಇಪ್ಪತ್ತೆರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಆರು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಜೋಡಿಸಿದವನು. ಹಾಗಾಗಿ ಸದ್ದಿನ ವಿಷಯ ಬಂದರೆ ನನಗೆ ಜಂಬ ಸ್ವಲ್ಪ ಜಾಸ್ತಿ. ಸ್ಪೀಕರ್ ಗೊರಗೊರ ಅಂದರೆ ಸಾಕು, ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ರೋಗ ಹೇಳುತ್ತೇನೆ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಇಳಿದ ಕಥೆ ಇದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಜ್ಜಂಪುರದಿಂದ ನೇತ್ರಾವತಿ ಎಂಬವರು ಫೋನ್ ಮಾಡಿದರು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ವಯಸ್ಸು ಮೂವತ್ತೈದರ ಆಸುಪಾಸು. ಮನೆಯಲ್ಲಿ ಗಂಡ, ಅತ್ತೆ. ಗಂಡನದು ತೆಂಗಿನಕಾಯಿ ವ್ಯಾಪಾರ, ಹಗಲೆಲ್ಲ ಸುತ್ತಾಟ. ಮೇಡಂ ಹೇಳಿದ ತೊಂದರೆ ಇಷ್ಟು: ಅವರು ಸಂಜೆ ಒಂದು ಗಂಟೆ ಆನ್‌ಲೈನ್ ಗೇಮ್ ಆಡುತ್ತಾರೆ, ಮೈಕಿನಲ್ಲಿ ಮಾತಾಡಿದರೆ ಜೊತೆಯವರಿಗೆ ಮಾತಿನ ಬದಲು ಗುಂಯ್ ಎನ್ನುವ ಸದ್ದು ಕೇಳುತ್ತದೆ.

ಮೇಡಂ ಗೇಮ್ ಆಡುತ್ತಾರೆ ಎಂದಾಗ ಬಣ್ಣದ ಕಲ್ಲು ಜೋಡಿಸುವ ಆಟವಿರಬೇಕು ಎಂದುಕೊಂಡೆ. ಅಲ್ಲ. ನಾಲ್ಕು ಜನರ ಒಂದು ತಂಡ ಯಾವುದೋ ದ್ವೀಪಕ್ಕೆ ಇಳಿದು, ಬೇರೆ ತಂಡಗಳನ್ನು ಗುಂಡಿಟ್ಟು ಮುಗಿಸಿ, ಕೊನೆಗೆ ಉಳಿದವರು ಗೆದ್ದಂತೆ. ಮೇಡಂ ಆ ತಂಡಕ್ಕೆ ಕ್ಯಾಪ್ಟನ್. ಕೈಕೆಳಗೆ ಮೂವರು ಗಂಡಸರು: ತರೀಕೆರೆಯಲ್ಲಿ ಬೇಕರಿ ಇಟ್ಟಿರುವ ಲೋಕೇಶ, ಚೌಳಹಿರಿಯೂರಿನಲ್ಲಿ ಗೊಬ್ಬರದ ಅಂಗಡಿಯ ಒಬ್ಬರು, ಹೊಸದುರ್ಗದ ಕಡೆಯ ಇನ್ನೊಬ್ಬರು. ಯಾರು ಎಲ್ಲಿ ಅಡಗಬೇಕು, ಯಾವಾಗ ಓಡಬೇಕು ಎಂಬುದನ್ನೆಲ್ಲ ಕ್ಯಾಪ್ಟನ್ ಮೈಕಿನಲ್ಲೇ ಹೇಳಬೇಕು. ಮೈಕ್ ಕೆಟ್ಟರೆ ಕ್ಯಾಪ್ಟನ್ ಇದ್ದೂ ಇಲ್ಲದಂತೆ.

ಅದೇ ವಾರ ಅಜ್ಜಂಪುರದ ಬಸ್ ಹತ್ತಿದೆ. ಮನೆಯೊಳಗೆ ಹೋಗುವಾಗ ಬೂಟು ಬಿಚ್ಚಿದೆ, ದಪ್ಪ ಕಾಲುಚೀಲ ಬಿಚ್ಚಲಿಲ್ಲ. ಈ ಕಾಲುಚೀಲವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಮೇಡಂ ಅವರ ಅತ್ತೆ ರುದ್ರಮ್ಮ ನಿಂತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಬರಿಗಾಲು.

"ಆ ಪೆಟ್ಗೆ ಕಚ್ಚುತ್ತೆ ಕಣಪ್ಪ," ಎಂದರು. "ಮೊನ್ನೆ ಧೂಳು ಒರ್ಸಾಕೆ ಹೋಗಿದ್ದೆ, ಕಚ್ಬಿಡ್ತು. ನೀನೂ ನೋಡ್ಕಂಡು ಮುಟ್ಟು."

"ಕಂಪ್ಯೂಟರ್ ಕಚ್ಚಲ್ಲ ಅಮ್ಮ, ಹೆದರ್ಕೋಬೇಡಿ," ಎಂದು ನಕ್ಕೆ. ಮೇಡಂ ಕೂಡ ನಕ್ಕರು. ರುದ್ರಮ್ಮ ನಗದೆ ಒಳಗೆ ಹೋದರು.

ನಾನು ಕ್ರಮವಾಗಿ ಶುರು ಮಾಡಿದೆ. ಸೌಂಡ್ ಸೆಟ್ಟಿಂಗಿನಲ್ಲಿ ಸರಿಯಾದ ಮೈಕನ್ನೇ ಆರಿಸಿದ್ದಾರೆಯೇ ನೋಡಿದೆ, ಸರಿಯಿತ್ತು. ಸೌಂಡ್ ಕಾರ್ಡಿನ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮೈಕ್ ಬೂಸ್ಟ್ ಎಂಬ ಇನ್ನೊಂದು ಸೆಟ್ಟಿಂಗ್ ಇದೆ, ಮೈಕಿಗೆ ಬಂದ ಸದ್ದನ್ನು ಹಿಗ್ಗಿಸುವುದು ಅದರ ಕೆಲಸ. ಅದನ್ನು ಇಳಿಸಿದೆ. ಗುಂಯ್ ಇಳಿಯಿತು, ಜೊತೆಗೆ ಮೇಡಂ ದನಿಯೂ ಬಾವಿಯೊಳಗಿಂದ ಬಂದಂತೆ ಇಳಿಯಿತು. ಇದು ಯಾವಾಗಿನಿಂದ ಎಂದು ಕೇಳಿದೆ. ಹೊಸ ಹೆಡ್‌ಸೆಟ್ ತಂದ ಮೇಲೆ ಎಂದರು. ಹಾಗಾದರೆ ಹೆಡ್‌ಸೆಟ್ಟೇ ಕಳ್ಳ ಎಂದು ತೀರ್ಪು ಕೊಟ್ಟು, ಬೇರೆ ಹೆಡ್‌ಸೆಟ್ ಕೊಟ್ಟು ಬಂದೆ.

ಸಂಜೆ ಫೋನ್ ಬಂತು. ಗುಂಯ್ ಹಾಗೇ ಇತ್ತು.

ಮುಂದಿನ ವಾರ ಮೇಡಂ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಡೂರಿಗೆ ಬಂದರು. ಪಕ್ಕದ ಹೋಟೆಲಿನವರು ಲೋಟ ತೊಳೆದ ನೀರನ್ನು ನನ್ನ ಅಂಗಡಿಯ ಹಿಂಗೋಡೆಗೇ ಬಿಡುತ್ತಾರೆಂದು ನಾನು ಆ ಬೆಳಿಗ್ಗೆ ಅವರೊಂದಿಗೆ ಜಗಳವಾಡಿ ಕೂತಿದ್ದೆ. ಅದೇ ಸಿಟ್ಟಿನಲ್ಲಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಮೈಕ್ ಸಿಕ್ಕಿಸಿ, ರೆಕಾರ್ಡ್ ಮಾಡಿದೆ. ಒಂದಿಷ್ಟೂ ಗುಂಯ್ ಇಲ್ಲ. ಮೇಡಂ ಉಸಿರಾಡಿದ್ದೂ ಕೇಳಿಸಿತು. ಗಂಡನ ಮನೆಯಲ್ಲಿ ಜ್ವರ ಬಂದು ತವರಿಗೆ ಬಂದೊಡನೆ ಎದ್ದು ಓಡಾಡುವ ಮಗಳಂತೆ, ಪೆಟ್ಟಿಗೆ ನನ್ನ ಅಂಗಡಿಯಲ್ಲಿ ಆರಾಮಾಗಿತ್ತು. ಅಜ್ಜಂಪುರಕ್ಕೆ ಹೋದ ಸಂಜೆಯೇ ಮತ್ತೆ ಕಾಯಿಲೆ.

ನಾನು ಒಳಗಿನ ಸೌಂಡ್ ಕಾರ್ಡನ್ನು ಬಿಟ್ಟು, ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಸೌಂಡ್ ಕಾರ್ಡ್ ಹಾಕಿಸಿದೆ. ಕಣಜದ ಹುಳದಂಥ ಗುಂಯ್ ಸೊಳ್ಳೆಯ ಸದ್ದಾಯಿತು, ಅಷ್ಟೇ. ಪವರ್ ಸಪ್ಲೈ ಬದಲಿಸಿದೆ. ಮತ್ತೆ ಕಣಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನಾನು ಕೊಟ್ಟಿಗೆಯ ಅಷ್ಟೂ ಎಮ್ಮೆಗೆ ಬರೆ ಹಾಕಿದ್ದೆ. ಹಾಕಿದ್ದನ್ನೆಲ್ಲ ವಾಪಸ್ ತೆಗೆದುಕೊಂಡು ಮರ್ಯಾದೆ ಉಳಿಸಿಕೊಂಡೆ ಎನ್ನಬೇಕು.

ಕಡೆಗೆ ಸದ್ದನ್ನು ಕಿವಿಯಾರೆ ಕೇಳೋಣವೆಂದು ಒಂದು ಸಂಜೆ ಅಂಗಡಿಯಿಂದಲೇ ಅವರ ಆಟಕ್ಕೆ ಸೇರಿದೆ. ಗೊಬ್ಬರದ ಅಂಗಡಿಯವರು ಆ ದಿನ ರಜೆ. ನನ್ನ ವಯಸ್ಸು ಐವತ್ತು, ಕೀಲಿಮಣೆಯ ಯಾವ ಗುಂಡಿ ಒತ್ತಿದರೆ ನಡೆಯುತ್ತಾರೆ ಎಂಬುದೂ ಗೊತ್ತಿಲ್ಲ. ಎರಡು ನಿಮಿಷ ಒಂದು ಗೋಡೆಗೆ ಮುಖ ಮಾಡಿ ನಿಂತಿದ್ದೆ.

"ಯಾರೀ ಅದು ಗೋಡೆ ನೋಡ್ತಾ ನಿಂತಿರೋದು?" ಎಂದು ಲೋಕೇಶ ಕೇಳಿದ.

"ರಿಪೇರಿಯವನಪ್ಪ," ಎಂದೆ. ಅಷ್ಟರಲ್ಲಿ ಯಾರೋ ನನಗೆ ಗುಂಡು ಹೊಡೆದರು.

ಸತ್ತ ಮೇಲೆ ಕಿವಿಗೊಟ್ಟು ಕೇಳಲು ಬಿಡುವು ಸಿಕ್ಕಿತು. ಮೇಡಂ ಬಾಯಿ ತೆರೆದರೆ ಗುಂಯ್. ಲೋಕೇಶನ ತಾಳ್ಮೆ ಮುಗಿದಿತ್ತು. "ಮೇಡಂ, ನಿಮ್ ಮಾತು ಒಂದೂ ಗೊತ್ತಾಗಲ್ಲ, ಬರೀ ಕಣಜ ಕಣ್ರೀ. ಭಾನ್ವಾರ ಟೂರ್ನಮೆಂಟ್ ಫೈನಲ್ ಇಟ್ಕಂಡು ಹಿಂಗಾದ್ರೆ ಹೆಂಗೆ? ಶನಿವಾರದೊಳ್ಗೆ ಸರಿಯಾಗಲಿಲ್ಲ ಅಂದ್ರೆ ಕ್ಯಾಪ್ಟನ್ ನಾನಾಗ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅವನಿಗೆ ಒಳಗೊಳಗೇ ಖುಷಿಯಾಗಿದ್ದೂ ಸುಳ್ಳಲ್ಲ.

ಆಮೇಲೆ ಮೇಡಂ ನನಗೆ ಬೇರೆಯಾಗಿ ಫೋನ್ ಮಾಡಿದರು. "ಶೇಖರಣ್ಣ, ಸ್ಕೂಲಲ್ಲಿ ನಲವತ್ತು ಮಕ್ಕಳು, ಒಬ್ರೂ ನನ್ ಮಾತು ಕೇಳಲ್ಲ. ಮನೇಲಿ ಇವ್ರು ಕೇಳಲ್ಲ. ದಿನಕ್ಕೆ ಒಂದು ಗಂಟೆ, ಮೂರು ಗಂಡಸ್ರು ನಾನು ನಿಲ್ಲಿ ಅಂದ್ರೆ ನಿಲ್ತಾರೆ, ಓಡಿ ಅಂದ್ರೆ ಓಡ್ತಾರೆ. ಅದೂ ಹೋಯ್ತು ಅಂದ್ರೆ ಹೆಂಗೆ ಹೇಳಿ." ನಗುತ್ತಲೇ ಹೇಳಿದರು, ಆದರೆ ಆ ನಗು ನನಗೆ ಚುಚ್ಚಿತು. ಅಲ್ಲಿಯವರೆಗೆ ಇದು ನನ್ನ ಜಂಬದ ಪ್ರಶ್ನೆಯಾಗಿತ್ತು. ಅವತ್ತಿನಿಂದ ಅವರ ಪ್ರಶ್ನೆಯೂ ಆಯಿತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಅಜ್ಜಂಪುರದಲ್ಲಿದ್ದೆ. ಆರರವರೆಗೆ ಒದ್ದಾಡಿದರೂ ಏನೂ ಬಗೆಹರಿಯಲಿಲ್ಲ. ರುದ್ರಮ್ಮ ಮಜ್ಜಿಗೆ ತಂದುಕೊಟ್ಟರು. ತಲೆಬಿಸಿಯಲ್ಲಿ ಲೋಟ ಎಡವಟ್ಟಾಗಿ ಹಿಡಿದು, ಅರ್ಧ ಮಜ್ಜಿಗೆಯನ್ನು ಕಾಲುಚೀಲಕ್ಕೆ ಕುಡಿಸಿದೆ. ಕಾಲುಚೀಲ ಕಳಚಿ, ಬಚ್ಚಲಿಗೆ ಹೋಗಿ ಕಾಲು ತೊಳೆದು, ಒದ್ದೆಗಾಲಲ್ಲೇ ಬಂದು ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿದೆ.

ಜುಮ್ ಎಂದು ಮೊಳಕೈವರೆಗೆ ಹೊಡೆಯಿತು. ಕೈ ತಾನಾಗಿ ಹಿಂದಕ್ಕೆ ಬಂತು.

ರುದ್ರಮ್ಮ ಬಾಗಿಲಲ್ಲೇ ಇದ್ದರು. "ಅವತ್ತೇ ಹೇಳ್ಲಿಲ್ವೇನಪ್ಪಾ, ಕಚ್ಚುತ್ತೆ ಅಂತ," ಎಂದರು.

ನನಗೆ ನಾಚಿಕೆಯಾಯಿತು. ಮೊದಲ ದಿನ, ಮೊದಲ ನಿಮಿಷದಲ್ಲಿ, ಆ ಮನೆಯ ಬರಿಗಾಲಿನ ಒಬ್ಬರೇ ಒಬ್ಬರು ರೋಗ ಏನೆಂದು ಹೇಳಿದ್ದರು. ಮೇಡಂ ಸದಾ ರಬ್ಬರ್ ಚಪ್ಪಲಿ ಹಾಕಿ ಆಡುತ್ತಿದ್ದರು, ನಾನು ಕಾಲುಚೀಲದವನು. ಪೆಟ್ಟಿಗೆ ನಮ್ಮಿಬ್ಬರನ್ನೂ ಕಚ್ಚಿರಲಿಲ್ಲ.

ಇಲ್ಲಿ ಎರಡು ಮಾತು ವಿವರಿಸಬೇಕು. ಪ್ಲಗ್ಗಿನಲ್ಲಿ ಮೂರನೆಯದೊಂದು ದಪ್ಪ ಪಿನ್ ಇರುತ್ತದಲ್ಲ, ಅದು ಅರ್ಥ್. ಯಂತ್ರದೊಳಗೆ ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ಮನೆಯ ಹಿಂದೆ ಗುಂಡಿ ತೋಡಿ, ಪೈಪ್ ಹುಗಿದು, ಇದ್ದಿಲು, ಉಪ್ಪು ತುಂಬಿ ಅದಕ್ಕೆ ಈ ತಂತಿ ಕಟ್ಟಿರುತ್ತಾರೆ. ಆ ದಾರಿ ಮುಚ್ಚಿದರೆ ಕರೆಂಟು ಪೆಟ್ಟಿಗೆಯ ಮೈಮೇಲೆ ನಿಲ್ಲುತ್ತದೆ, ಮುಟ್ಟಿದರೆ ಜುಮ್ ಅನ್ನಿಸುತ್ತದೆ. ಮೈಕಿನ ತಂತಿಗೆ ಹೊಕ್ಕರೆ ಗುಂಯ್ ಅನ್ನುತ್ತದೆ. ಮೀಟರ್ ಹಿಡಿದೆ. ಅರ್ಥ್‌ಗೂ ನ್ಯೂಟ್ರಲ್‌ಗೂ ನಡುವೆ ಎರಡೋ ಮೂರೋ ವೋಲ್ಟ್ ಇರಬೇಕಾದಲ್ಲಿ ನಲವತ್ತೊಂದು ಇತ್ತು.

"ಹತ್ತನೇ ಕ್ಲಾಸಿಗೆ ಅರ್ಥಿಂಗ್ ಪಾಠ ಮಾಡೋಳು ನಾನೇ," ಎಂದು ಮೇಡಂ ಹಣೆ ಹಿಡಿದುಕೊಂಡರು.

"ಗುಂಡಿ ಎಲ್ಲಿದೆ?" ಎಂದು ಕೇಳಿದೆ. ಮೇಡಂಗೆ ಗೊತ್ತಿಲ್ಲ. ಗಂಡನಿಗೆ ಫೋನ್ ಮಾಡಿದರು, ಅವರಿಗೂ ಗೊತ್ತಿಲ್ಲ.

"ನನ್ ಕಲ್ಲಿನ ಪಕ್ದಾಗೆ ಐತಲ್ಲ," ಎಂದರು ರುದ್ರಮ್ಮ. "ಇದ್ಲು ಕೊಟ್ಟೋಳು ನಾನು, ಉಪ್ಪು ತುಂಬ್ದೋಳು ನಾನು. ನನ್ನ ಯಾರು ಕೇಳ್ತೀರಿ?"

ಹಿತ್ತಲಿಗೆ ಹೋದೆವು. ರುದ್ರಮ್ಮ ಮೂವತ್ತು ವರ್ಷ ಪಾತ್ರೆ ತೊಳೆದ ಚಪ್ಪಡಿ ಕಲ್ಲು, ಅದರ ಪಕ್ಕದಲ್ಲೇ ಗುಂಡಿ. ದಿನಕ್ಕೆ ಎರಡು ಹೊತ್ತು ತೊಳೆದ ನೀರು ನೇರ ಗುಂಡಿಗೆ ಇಳಿಯುತ್ತಿತ್ತು. ಜನವರಿಯಲ್ಲಿ ಮೇಡಂ, ಅತ್ತೆಯ ಮಂಡಿನೋವು ನೋಡಲಾರದೆ, ಅಡುಗೆಮನೆಯ ಒಳಗೆ ಟೈಲ್ಸ್ ಹಾಕಿಸಿ ಸಿಂಕ್ ಮಾಡಿಸಿದ್ದರು. ನೀರು ಬೀದಿಯ ಚರಂಡಿಗೆ ಹೋಯಿತು, ಕಲ್ಲು ಒಣಗಿತು, ಗುಂಡಿ ಒಣಗಿತು. ಮಾರ್ಚ್ ಹೊತ್ತಿಗೆ ಮಣ್ಣು ಹಪ್ಪಳದಂತೆ ಎದ್ದಿತ್ತು. ಒಣ ಮಣ್ಣಿಗೆ ಕರೆಂಟು ಇಳಿಯುವುದಿಲ್ಲ. ಹೊಸ ಹೆಡ್‌ಸೆಟ್ ಬಂದದ್ದೂ ಅದೇ ಹೊತ್ತಿಗೆ, ಪಾಪ.

ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳ ಹಳೆಯ ಪರೀಕ್ಷೆಯೊಂದಿದೆ. ಓದುಗರು ಮನೆಯಲ್ಲಿ ಮಾಡಬಾರದು. ಅರವತ್ತು ವ್ಯಾಟಿನ ಬಲ್ಬಿನ ಒಂದು ತಂತಿಯನ್ನು ಫೇಸಿಗೂ ಇನ್ನೊಂದನ್ನು ಅರ್ಥ್‌ಗೂ ಕೊಡುವುದು. ಅರ್ಥ್ ಸರಿಯಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಉದ್ದ ವೈರ್ ಎಳೆದು ಹಿತ್ತಲ ಬಾಗಿಲಲ್ಲಿ ಬಲ್ಬು ಕಟ್ಟಿದೆ. ಒಳಗಿನ ತಂತಿ ಕೆಂಪಗೆ ಕಂಡಿತು, ಬೆಳಕಿಲ್ಲ. ಬಲ್ಬು ಆರಿಸಿದ ಮೇಲೆ ರುದ್ರಮ್ಮ ಒಂದು ಕೊಡ ನೀರು ಹೊಯ್ದರು. ಮತ್ತೆ ಹಾಕಿದೆ, ಸ್ವಲ್ಪ ಹಳದಿ. ಎರಡನೇ ಕೊಡ, ಮೂರನೇ ಕೊಡ. ಅರ್ಧ ಗಂಟೆ ಮಣ್ಣು ನೀರು ಕುಡಿಯಿತು. ಏಳನೇ ಕೊಡದ ಹೊತ್ತಿಗೆ ಬಲ್ಬು ಹಿತ್ತಲನ್ನೆಲ್ಲ ಬೆಳಗಿತು. ರುದ್ರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಆ ಬಲ್ಬನ್ನೇ ನೋಡುತ್ತ ನಿಂತರು.

ಮೇಡಂ ಒಳಗೆ ಹೋಗಿ ಮೈಕ್ ಹಾಕಿಕೊಂಡು ಲೋಕೇಶನನ್ನು ಕರೆದರು.

"ಮೇಡಂ, ಕಣಜ ಹೋಯ್ತು," ಎಂದ ಅವನು. ಆಮೇಲೆ, "ಸರಿ ಬಿಡಿ, ನೀವೇ ಕ್ಯಾಪ್ಟನ್," ಎಂದ.

ಭಾನುವಾರ ಅವರಿಗೆ ಎರಡನೇ ಸ್ಥಾನ ಬಂತು. ಕೊನೆಯಲ್ಲಿ ಲೋಕೇಶ ಕ್ಯಾಪ್ಟನ್ ಮಾತು ಮೀರಿ ಮರದ ಮರೆಯಿಂದ ಎದ್ದು ಸತ್ತನಂತೆ. ಆದರೆ ಈ ಸಲ ಕಣಜದ ಮೇಲೆ ತಪ್ಪು ಹೊರಿಸಲು ದಾರಿ ಇರಲಿಲ್ಲ.

ಕಡೂರಿಗೆ ಬಂದವನೇ ನನ್ನ ಅಂಗಡಿಯ ಹಿಂದೆ ಹೋಗಿ ನೋಡಿದೆ. ನನ್ನ ಅರ್ಥ್ ಗುಂಡಿ ಹೋಟೆಲಿನವರ ಲೋಟ ತೊಳೆದ ನೀರು ಬೀಳುವ ಜಾಗದಲ್ಲೇ ಇತ್ತು. ಇಪ್ಪತ್ತೆರಡು ವರ್ಷ ನನ್ನ ಅಂಗಡಿಯನ್ನು ಕಾಪಾಡಿದ ನೀರಿಗೆ ನಾನು ಇಪ್ಪತ್ತೆರಡು ವರ್ಷ ಬೈದಿದ್ದೆ. ಹೋಟೆಲಿಗೆ ಹೋಗಿ ಕಾಫಿ ಕುಡಿದು, "ನೀರು ಅಲ್ಲೇ ಬಿಡಿ, ಪರವಾಗಿಲ್ಲ," ಎಂದೆ. ಅವರಿಗೆ ಅನುಮಾನ ಬಂತು. ಅಂದಿನಿಂದ ನನ್ನ ಜೊತೆ ಹುಷಾರಾಗಿ ಮಾತಾಡುತ್ತಾರೆ.

ಏಪ್ರಿಲ್‌ನಲ್ಲಿ ಎಲೆಕ್ಟ್ರಿಷಿಯನ್ ಕರೆದುಕೊಂಡು ಹೋಗಿ ಆ ಗುಂಡಿಯನ್ನು ಹೊಸದಾಗಿ ಮಾಡಿಸಿದೆ. ಉದ್ದದ ಪೈಪ್, ಹೊಸ ಇದ್ದಿಲು, ಹೊಸ ಉಪ್ಪು. ಕೆಲಸ ಮುಗಿಯುವವರೆಗೂ ರುದ್ರಮ್ಮ ಕಲ್ಲಿನ ಮೇಲೆ ಕೂತೇ ಇದ್ದರು.

"ಇನ್ನು ನನ್ ನೀರು ಬೇಡ್ವೇನಪ್ಪಾ?" ಎಂದು ಕೇಳಿದರು.

ಬೇಡ ಎನ್ನುವುದರಲ್ಲಿದ್ದೆ. ಅವರ ಮುಖ ನೋಡಿ ನಿಂತೆ. "ಬೇಕಮ್ಮ. ನೀರಿಲ್ದೆ ಯಾವ್ ಅರ್ಥಿಂಗೂ ಕೆಲ್ಸ ಮಾಡಲ್ಲ. ಆಟ ಇದ್ದ ದಿನ ಒಂದು ಕೊಡ ಹಾಕಿ." ಇದು ಸುಳ್ಳಲ್ಲ, ಬೇಸಿಗೆಯಲ್ಲಿ ಯಾವ ಗುಂಡಿಗಾದರೂ ನೀರು ಬೇಕೇ ಬೇಕು. ದಿನಕ್ಕೊಂದು ಕೊಡ ಬೇಕೇ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯಂತ್ರ ಬಳಸುವವರನ್ನು ಮಾತ್ರ ವಿಚಾರಿಸುವುದು ನನ್ನ ವೃತ್ತಿಯ ದೊಡ್ಡ ದಡ್ಡತನವಾಗಿತ್ತು. ಅದರ ಧೂಳು ಒರೆಸುವವರು, ಪಕ್ಕದಲ್ಲಿ ಓಡಾಡುವವರು, ಅದನ್ನು ಕಂಡರಾಗದವರು ಹೇಳಿದ್ದು ಕೂಡ ವರದಿಯೇ. ಈಗ ರಿಪೇರಿಗೆ ಯಾರೇ ಬರಲಿ, ನನ್ನ ಚೀಟಿಯಲ್ಲಿ ಮೊದಲ ಪ್ರಶ್ನೆ ಇದು: ಮನೆಯಲ್ಲಿ ಯಾರಿಗಾದರೂ ಇದು ಕಚ್ಚುತ್ತದೆಯೇ? ಗಿರಾಕಿಗಳು ನಗುತ್ತಾರೆ. ನಾನು ನಗುವುದಿಲ್ಲ.

ಮೊನ್ನೆ ಒಂದು ಸಂಜೆ ಮೈಕ್ ಪರೀಕ್ಷೆಗೆಂದು ಮತ್ತೆ ಅವರ ಆಟಕ್ಕೆ ಸೇರಿದ್ದೆ. ಗೋಡೆಗೆ ಮುಖ ಮಾಡಿ ನಿಂತು ಕೇಳಿಸಿಕೊಂಡೆ. ದ್ವೀಪಕ್ಕೆ ಇಳಿಯುವ ಮೊದಲು ಲೋಕೇಶ ಗಂಭೀರವಾಗಿ ಕೇಳಿದ: "ಮೇಡಂ, ಅತ್ತೆಯೋರು ನೀರು ಹಾಕಿದ್ರಾ?"

ಮೇಡಂ ಉತ್ತರಿಸುವ ಮೊದಲೇ, ಹಿತ್ತಲಿನಷ್ಟು ದೂರದಿಂದ, ಒಂದು ಚೂರೂ ಗುಂಯ್ ಇಲ್ಲದೆ ಆ ದನಿ ಬಂತು.

"ಹಾಕಿದೀನಿ ಕಣ್ರಪ್ಪಾ, ಆಡ್ಕಳಿ."