ಜಯಮ್ಮನನ್ನು ಕರೆಯಲು ತೋವಿನಕೆರೆಗೆ

ಒಂದು ಮಂಗಳವಾರ ಅಂಗಡಿ ತೆರೆಯದೆ, ಬೆಳಗ್ಗೆ ಎಂಟಕ್ಕೆ ಬೆಂಗಳೂರಿನಲ್ಲಿ ಮಧುಗಿರಿ ಬಸ್ಸು ಹತ್ತಿದೆ. ನನ್ನದು ರವಿಕೆ ಹೊಲಿಯುವ ಸಣ್ಣ ಅಂಗಡಿ. ಹನ್ನೊಂದು ವರ್ಷ ನನ್ನೆದುರು ಕೂತು ಕೊಕ್ಕೆ, ಗುಂಡಿ ಹಾಕುತ್ತಿದ್ದ ಜಯಮ್ಮ ಯುಗಾದಿಗೆಂದು ಊರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಆಮೇಲೆ ಇಬ್ಬರು ಕೆಲಸಕ್ಕೆ ಬಂದರು, ಹೋದರು. ಅವರ ಜೊತೆ ನನಗೆ ಮಾತೇ ಹೊರಡುತ್ತಿರಲಿಲ್ಲ. ಫೋನಿನಲ್ಲಿ ಕೇಳಿದರೆ ಇಲ್ಲ ಎನ್ನುವುದು ಸುಲಭವೆಂದು ಜಯಮ್ಮನಿಗೆ ಹೇಳದೆಯೇ ಹೊರಟಿದ್ದೆ.

ಕೊರಟಗೆರೆಯಲ್ಲಿ ಇಳಿದು ಇಡ್ಲಿ ತಿಂದೆ. ಅಲ್ಲಿಂದ ಮುಂದೆ ಖಾಸಗಿ ಬಸ್ಸು, ಇಪ್ಪತ್ತೈದು ರೂಪಾಯಿ. ತೋವಿನಕೆರೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು.

ಮನೆಯಲ್ಲಿ ಜಯಮ್ಮನ ತಾಯಿ ಒಬ್ಬರೇ ಕಡಲೆಕಾಯಿ ಸುಲಿಯುತ್ತಿದ್ದರು.

"ಬೆಂಗ್ಳೂರ್ ತಾವ ಗಾರ್ಮೆಂಟ್ಸ್‌ಗೆ ಸೇರ್ಕಂಡವ್ಳೆ ಕಣಮ್ಮ. ಬೆಳಕು ಹರಿಯೋಕ್ ಮುಂಚೆ ವ್ಯಾನ್ ಹತ್ತುದ್ರೆ ಬರೋದು ದೀಪ ಹಚ್ಚೋ ಹೊತ್ಗೆ. ಉಂಡು ಮನಿಕೊ, ಬತ್ತಾಳೆ."

ನಾನು ಅವಳನ್ನು ಹುಡುಕಿ ಬಂದಿದ್ದರೆ, ಅವಳು ನಾನು ಬಿಟ್ಟು ಬಂದ ಊರಿನ ಕಡೆಗೇ ಹೋಗಿದ್ದಳು. ಮುದ್ದೆ, ಬಸ್ಸಾರು ಉಂಡೆವು. ಅಜ್ಜಿ ನಿದ್ದೆ ಹೋದರು. ಗುರುತಿಲ್ಲದ ಊರಿನ ಜಗಲಿಯ ಮೇಲೆ ಸುಮ್ಮನೆ ಕೂರಲಾರದೆ ಉಳಿದ ಕಡಲೆಕಾಯಿಯನ್ನು ನಾನೇ ಸುಲಿದೆ. ದಾರಿಯಲ್ಲಿ ಹೋಗುವವರು ನನ್ನನ್ನು ನೋಡಿ, ಏನೂ ಕೇಳದೆ ಮುಂದೆ ಹೋದರು.

ಸಂಜೆ ಜಯಮ್ಮನ ಮಗಳು ಸ್ಕೂಲಿನಿಂದ ಬಂದಳು. ಏಳನೇ ಕ್ಲಾಸು.

"ನೀವು ಬೆಂಗ್ಳೂರ್ ಟೈಲರ್ ಆಂಟಿನಾ? ಅವ್ವನ್ನ ಕರ್ಕಂಡೋಗಕ್ ಬಂದ್ರಾ?"

ಸುಲಿದ ಕಡಲೆಬೀಜ ಒಂದು ಹಿಡಿ ಅವಳ ಕೈಗಿಟ್ಟೆ. ಕತ್ತಲಾಗುವಾಗ ಅವಳೇ ನನ್ನನ್ನು ಬಸ್ ಸ್ಟಾಪಿಗೆ ಕರೆದೊಯ್ದಳು.

ವ್ಯಾನಿನಿಂದ ಎಂಟು ಹತ್ತು ಹೆಂಗಸರು ತೂಕಡಿಸುತ್ತಲೇ ಇಳಿದರು. ಜಯಮ್ಮ ಬಂದು ನನ್ನ ಎರಡೂ ಕೈ ಹಿಡಿದಳು. "ಅಕ್ಕಾ, ಹೇಳ್ದೆ ಕೇಳ್ದೆ ಹೆಂಗ್ ಬಂದ್ಬುಟ್ರಿ?"

ಕೆಲಸ ಹೇಗಿದೆ ಎಂದೆ.

"ದಿನವೆಲ್ಲ ಬರೀ ಕಾಲರ್ ಹೊಲಿಯೋದು ಅಕ್ಕ. ಮಾತಾಡಂಗಿಲ್ಲ. ಒಂದೊಂದ್ ದಿನ ನಿಮ್ಮ ದನಿ ನೆಪ್ಪಾಯ್ತದೆ."

"ಹಾಗಾದರೆ ಬಂದುಬಿಡು, ಜಯ."

ಅವಳು ಮಗಳತ್ತ ನೋಡಿದಳು. "ನಿಮ್ತಾವ ಇದ್ದಾಗ ಇವ್ಳ ಮಕ ತಿಂಗ್ಳಿಗೊಂದ್ಸಲ ನೋಡ್ತಿದ್ದೆ. ಈಗ ದಿನಾ ನನ್ ಪಕ್ದಾಗೆ ಮನಿಕತಾಳೆ."

ಹನ್ನೊಂದು ವರ್ಷದಲ್ಲಿ, ಆ ಮಗು ಯಾರ ಪಕ್ಕ ಮಲಗುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ರಾತ್ರಿ ಉಳಿದುಕೊಳ್ಳಿರೆಂದು ಜಯಮ್ಮ ಬೇಡಿಕೊಂಡಳು. ತುಮಕೂರಿನ ಬಸ್ಸು ಬಂತು, ನಾನು ಹತ್ತಿದೆ. ತಿರುವಿನಲ್ಲಿ ಹಿಂದೆ ನೋಡಿದೆ. ಮಗಳು ಏನೋ ಹೇಳುತ್ತ ಮುಂದೆ ನಡೆದಿದ್ದಳು. ಜಯಮ್ಮ ದಣಿದ ಕಾಲೆಳೆಯುತ್ತ, ನಗುತ್ತ ಅವಳ ಹಿಂದೆ ಹೋಗುತ್ತಿದ್ದಳು. ಇಬ್ಬರೂ ನನ್ನ ಕಡೆ ತಿರುಗಲಿಲ್ಲ.