ಉತ್ತರಕ್ಕೆ ತಲೆ ಹಾಕಿದ ಬಾಟಲಿ

ಬಾಟಲಿ ಒಡೆಯಬಹುದಿತ್ತು. ಅಡಿಲೇಡಿನ ಆ ಶನಿವಾರ ಮಧ್ಯಾಹ್ನ ನನ್ನ ಗಂಡ ಎಂದಿನಂತೆ ಕೊನೇ ಗಳಿಗೆಯಲ್ಲಿ ಬ್ರೇಕ್ ಹಾಕಿ, ನನ್ನ ತೊಡೆಯ ಮೇಲಿದ್ದದ್ದು ಕಾಲಬುಡಕ್ಕೆ ಹೋಗಬಹುದಿತ್ತು. ಬಿಸಿಲಿಗೆ ಸಿಡಿಯಬಹುದಿತ್ತು, ಸಿಡಿಯುವುದು ಸೋಡಾ, ವೈನ್ ಅಲ್ಲ ಎಂದು ಇವರು ಹೇಳಿದ ಮೇಲೂ ಸಿಡಿಯಬಹುದಿತ್ತು. ಪೊಲೀಸರು ಕಾರು ನಿಲ್ಲಿಸಿ, ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ಇಬ್ಬರ ಬಾಯಿಗೆ ಊದುವ ಕೊಳವೆ ಹಿಡಿಯಬಹುದಿತ್ತು. ಬಿರಡೆ ತೆಗೆಯುವ ತಿರುಪು ನಾವು ಹೊರಟಿದ್ದ ಮನೆಯಲ್ಲಿ ಇಲ್ಲದೆ ಹೋಗಬಹುದಿತ್ತು. ಗ್ರೀಕರ ಮನೆಯಲ್ಲಿ ಅದಿಲ್ಲದೆ ಹೋಗುವುದು ನಮ್ಮ ಮನೆಯಲ್ಲಿ ಕಾಫಿ ಫಿಲ್ಟರ್ ಇಲ್ಲದೆ ಹೋದಂತೆ, ಗೊತ್ತು. ಆದರೂ ಎರಡು ಕೊಂಡು ಕೈಚೀಲದಲ್ಲಿಟ್ಟಿದ್ದೆ, ಒಂದು ಮುರಿದರೆ ಇನ್ನೊಂದಿರಲಿ ಎಂದು. ಆ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯರು ಕುಡಿಯಬಾರದೆಂದು ಅವರ ಡಾಕ್ಟರು ಹೇಳಬಹುದಿತ್ತು. ಆತನನ್ನು ಮೊದಲೇ ಕೇಳಿದ್ದೆ. ಇನ್ನು ಏನು ಕುಡಿದರೂ ಒಂದೇ ಎಂದಿದ್ದ. ಅದನ್ನು ಕೇಳಿ ನನಗೆ ಮೊದಲು ಅನ್ನಿಸಿದ್ದು, ಸದ್ಯ, ಒಂದು ಚಿಂತೆ ಕಮ್ಮಿಯಾಯಿತು ಎಂದು. ನನ್ನ ತಲೆ ಇರುವುದೇ ಹೀಗೆ.

ಎಲ್ಲಕ್ಕಿಂತ ಹೆಚ್ಚಾಗಿ, ನಾವು ತಲುಪುವ ಮೊದಲೇ ಅವರು ಹೋಗಿಬಿಡಬಹುದಿತ್ತು.

ನನ್ನ ಕಸುಬು ಅರಿವಳಿಕೆ. ಸರ್ಜನ್ನರು ಕೊಯ್ಯುವ ಮೊದಲು ರೋಗಿಯನ್ನು ಮಲಗಿಸಿ, ಅವರು ಹೊಲಿದ ಮೇಲೆ ಎಬ್ಬಿಸುವವಳು ನಾನು. ನಡುವೆ ಏನೇನು ಕೆಡಬಹುದು ಎಂದು ಕೂತು ಯೋಚಿಸುವುದಕ್ಕೇ ಸಂಬಳ. "ಗಾಬರಿ ಆಗೋಕೇ ಅಂತ ನಿಂಗೆ ದುಡ್ಡು ಕೊಡ್ತಾರೆ. ಮನೇಲೂ ಯಾಕೆ ಓವರ್‌ಟೈಮ್ ಮಾಡ್ತೀಯ?" ಎಂದು ಇವರು ಮದುವೆಯಾದಾಗಿನಿಂದ ಕೇಳುತ್ತಿದ್ದಾರೆ. ಐವತ್ತರ ಹತ್ತಿರ ಬಂದೆ, ಓವರ್‌ಟೈಮ್ ಇನ್ನೂ ನಡೆದಿದೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾವು ಪರ್ತ್‌ಗೆ ಬಂದಾಗ ಪಕ್ಕದ ಮನೆಯಲ್ಲಿ ಒಬ್ಬ ಮುದುಕರಿದ್ದರು. ಮುದುಕರೆಂದರೆ ಅಂಥ ವಯಸ್ಸೇನೂ ಅಲ್ಲ. ಹೆಂಡತಿ ಹೋದ ಮೇಲೆ ಗಂಡಸರು ಬೇಗ ಮುದುಕರಾಗುತ್ತಾರೆ. ವೆಲ್ಷ್‌ಪೂಲಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ಗ್ರೀಸಿನ ಯಾವುದೋ ಸಣ್ಣ ದ್ವೀಪದವರು. ನಮ್ಮ ಮಗಳಿಗೆ ಅಂಕಲ್, ಹಾಗಾಗಿ ನಮಗೂ ಅಂಕಲ್. ಅವರ ಇಂಗ್ಲಿಷೂ ನಮ್ಮ ಇಂಗ್ಲಿಷೂ ಎರಡೂ ಬಾಡಿಗೆ ಮನೆಗಳು; ಗೋಡೆಗೆ ಎಲ್ಲಿ ಮೊಳೆ ಹೊಡೆದರೆ ಯಾರು ಬೈಯುತ್ತಾರೋ ಎಂಬ ಅಳುಕು ಇಬ್ಬರಿಗೂ. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನೆನಪಿನಲ್ಲಿ ಅವರು ಮಾತಾಡುವುದೂ ಕನ್ನಡದಲ್ಲೇ.

ದ್ವೀಪದಲ್ಲಿ ಅವರ ಅಣ್ಣ, ಅತ್ತಿಗೆ ಒಂದು ದ್ರಾಕ್ಷಿ ತೋಟ ನೋಡಿಕೊಂಡಿದ್ದರು. ಗುಡ್ಡದ ಇಳಿಜಾರಿನಲ್ಲಿ ಕಲ್ಲು ಪೇರಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ನೆಲ, ಉಳಲು ಒಂದು ಹೇಸರಗತ್ತೆ, ಹಣ್ಣು ತುಳಿಯಲು ಮನೆಯವರದೇ ಕಾಲು.

"ನಮ್ಮ ತೋಟಕ್ಕೆ ವಿಷ ಹೊಡೆಯಲ್ಲ," ಎಂದರು ಒಮ್ಮೆ, ಬೇಲಿಯ ಆಚೆಯಿಂದ.

"ನಮ್ಮ ಊರಲ್ಲಿ ಅದಕ್ಕೆ ಔಷಧಿ ಹೊಡೆಯೋದು ಅಂತಾರೆ," ಎಂದೆ.

ಬೇಲಿ ಹಿಡಿದುಕೊಂಡು ನಕ್ಕರು. "ನೀನು ಡಾಕ್ಟರ್. ನಿನಗೆ ಎರಡೂ ಒಂದೇ!"

ತಮಾಷೆಗೆ ಅಂದದ್ದು. ಆದರೆ ನನ್ನ ಕಸುಬಿನಲ್ಲಿ ಅದು ನಿಜ, ಅಳತೆಯೊಂದೇ ವ್ಯತ್ಯಾಸ. ಆ ವೈನಿಗೂ ಕೆಡದಿರಲೆಂದು ಅವರು ಏನನ್ನೂ ಬೆರೆಸುತ್ತಿರಲಿಲ್ಲವಂತೆ. ಈಗೀಗ ಅಂಗಡಿಗಳಲ್ಲಿ ಅಂಥದಕ್ಕೆ ಆರ್ಗ್ಯಾನಿಕ್ ಎಂದು ಚೀಟಿ ಅಂಟಿಸುತ್ತಾರೆ. ಅವರ ಬಾಯಲ್ಲಿ ಅದು ಬರೀ 'ಅಣ್ಣಂದು'.

ಅಂಕಲ್‌ಗೆ ಹರ್ನಿಯಾ ಆಪರೇಷನ್ ಆದದ್ದು ನಾನಿದ್ದ ಆಸ್ಪತ್ರೆಯಲ್ಲಿ. ಮೇಜಿನ ಮೇಲೆ ಮಲಗಿ ನನ್ನ ಮಣಿಕಟ್ಟು ಹಿಡಿದುಕೊಂಡು, "ಮಲಗಿಸೋದು ಎಲ್ಲರಿಗೂ ಬರುತ್ತೆ. ಎಬ್ಬಿಸ್ತೀಯ ತಾನೆ?" ಎಂದು ಕೇಳಿದರು. ಎಬ್ಬಿಸಿದೆ. ಆಮೇಲೆ ಅವರ ಪಾಲಿಗೆ ನಾನು ಏನೋ ಒಂದು ದೊಡ್ಡ ವ್ಯಕ್ತಿಯಾಗಿಬಿಟ್ಟೆ. ಆ ಬೇಸಿಗೆ ಊರಿಗೆ ಹೋಗಿಬಂದಾಗ ಅಣ್ಣನ ವೈನಿನ ಎರಡು ಬಾಟಲಿ ತಂದರು. ಒಂದನ್ನು ತಮ್ಮವರ ಜೊತೆ ಈಸ್ಟರಿಗೆ ಕುಡಿದರು. ಇನ್ನೊಂದನ್ನು, ನಾವು ಬ್ರಿಸ್ಬೇನಿಗೆ ಹೊರಟ ದಿನ, ನನ್ನ ಕೈಯಲ್ಲಿಟ್ಟರು.

"ಅಂಕಲ್, ನಾವು ಕುಡಿಯಲ್ಲ," ಎಂದೆ.

"ನಿನಗೆ ಯಾರು ಕುಡಿ ಅಂದ್ರು? ನೀನು ಮಲಗಿಸೋ ಡಾಕ್ಟರ್. ಇದನ್ನೂ ಮಲಗಿಸು. ನಿಲ್ಲಿಸಬೇಡ, ಮಲಗಿಸು. ಎಬ್ಬಿಸೋಕೆ ನಾನು ಬರ್ತೀನಿ."

ಯಾಕೆ ಮಲಗಿಸಬೇಕೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಪ್ರೀತಿಯ ಮಾತು ಎಂದುಕೊಂಡೆ. ಮಗುವನ್ನು ಕೈಗೆ ಕೊಟ್ಟು ಮಲಗಿಸು ಎಂದರೆ ಯಾಕೆ ಎಂದು ಯಾರು ಕೇಳುತ್ತಾರೆ?

ಬ್ರಿಸ್ಬೇನಿನಲ್ಲಿ ನಮ್ಮದು ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಮಾಳಿಗೆ ಮನೆ. ರೈಲು ಹೋದರೆ ಪಾತ್ರೆಗಳು ಮಾತಾಡುತ್ತಿದ್ದವು. ರೈಲಿನ ಅದುರಿಗೆ ಬಾಟಲಿ ಉರುಳಬಾರದೆಂದು ಹಳೆಯ ಸೀರೆಯೊಂದನ್ನು ಸುತ್ತಿ, ಹಜಾರದ ಉದ್ದನೆಯ ಇಕ್ಕಟ್ಟು ಕಪಾಟಿನ ಕೆಳಗಣ ಅರೆಯಲ್ಲಿ ಮಲಗಿಸಿದೆ. ಅಲ್ಲಿಯೇ ತಂಪು. ಮನೆಯಲ್ಲಿ ಬೇರೆ ಯಾರಿಗೂ ಅಂಥ ತಂಪು ಜಾಗ ಸಿಕ್ಕಿರಲಿಲ್ಲ.

ಮರುವರ್ಷ ಮೈಸೂರಿನಿಂದ ಅತ್ತೆ ಬಂದರು. ನನ್ನ ನಿದ್ದೆ ಹೋಯಿತು. ಬಾಟಲಿ ಅವರ ಕಣ್ಣಿಗೆ ಬಿದ್ದರೆ, ಅವರು ಊರಿಗೆ ಹೇಳಿದರೆ, ಊರಿನವರು ನನ್ನ ತಾಯಿಗೆ ಹೇಳಿದರೆ ಎಂದು ಲೆಕ್ಕ ಹಾಕುತ್ತಿರುವಾಗಲೇ ಅವರು ಕಪಾಟು ತೆಗೆದಿದ್ದರು.

"ಏನಮ್ಮಾ ಇದು? ಯಾವ ಮಗೂನ ಇಲ್ಲಿ ಮಲಗಿಸಿದೀಯ?"

"ದ್ರಾಕ್ಷಿ ರಸ, ಅತ್ತೆ. ಪರ್ತ್‌ನಲ್ಲಿ ಪಕ್ಕದ ಮನೆಯೋರು ಕೊಟ್ಟಿದ್ದು."

"ದ್ರಾಕ್ಷಿ ರಸಕ್ಕೆ, ಗೌರಿ ಹಬ್ಬಕ್ಕೆ ನಾನು ಕೊಟ್ಟ ಸೀರೆ ಸುತ್ತಿ ಇಡ್ತಾರೇನಮ್ಮಾ?"

ಭೂಮಿ ಬಾಯಿಬಿಡಬಾರದೆ ಎನ್ನಿಸಿತು. ಆದರೆ ಅತ್ತೆ ಕೋಪಿಸಿಕೊಳ್ಳಲಿಲ್ಲ. "ಇರ್ಲಿ ಬಿಡು. ಡಾಕ್ಟರ ಮನೆ ಅಂದ್ಮೇಲೆ ಸ್ಪಿರಿಟ್ಟೂ ಇರತ್ತೆ, ಇದೂ ಇರತ್ತೆ," ಎಂದರು. ಆಮೇಲೆ ಕಿಟಕಿಯ ಕಡೆ ನೋಡಿ, ಏನೋ ಗುಣಿಸಿ, ಕೆನ್ನೆಯ ಮೇಲೆ ಕೈಯಿಟ್ಟರು. "ಆದ್ರೆ ಉತ್ತರಕ್ಕೆ ತಲೆ ಹಾಕಿ ಮಲಗಿಸಿದೀಯಲ್ಲ! ಕೊಟ್ಟೋರು ಚೆನ್ನಾಗಿದಾರಾ?"

ನನಗೆ ಅಷ್ಟು ಸಾಕಿತ್ತು.

"ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆ ಗತಿ ಏನಾಯ್ತು, ಗೊತ್ತು ತಾನೆ? ತಲೆ ಕಡಕೊಂಡು ಹೋಗಿ ಗಣೇಶನಿಗೆ ಇಟ್ರು."

"ಆನೆಗೆ ತಲೆ ಹೋಯ್ತು, ಬಾಟ್ಲಿಗೆ ಬಿರಡೆ ಹೋಗತ್ತೆ, ಅಷ್ಟೇ ತಾನೆ?" ಎಂದರು ಇವರು, ಪೇಪರಿನ ಹಿಂದಿನಿಂದ.

"ನೀನು ಸುಮ್ನಿರೋ. ತಿರುಗಿಸಿ ದಕ್ಷಿಣಕ್ಕೆ ತಲೆ ಹಾಕಮ್ಮ."

"ಅಮ್ಮಾ, ಇದು ಭೂಮಿಯ ಕೆಳಗಡೆ ಅರ್ಧ. ಇಲ್ಲಿ ಎಲ್ಲಾ ಉಲ್ಟಾ. ನಮ್ಮೂರಲ್ಲಿ ಉತ್ತರ ಆಗಲ್ಲ ಅಂದ್ರೆ ಇಲ್ಲಿ ದಕ್ಷಿಣ ಆಗಲ್ಲ."

ಇವರು ಹೇಳಿದ್ದು ತಮಾಷೆಗೆ. ಹೇಳಿ ಮರೆತು ಕಾಫಿ ಕೇಳಿದರು. ಅತ್ತೆಯೂ ಮರೆತರು. ನಾನು ಮಾತ್ರ ಕಪಾಟಿನ ಮುಂದೆ ಮೊಣಕಾಲೂರಿ ಕೂತಿದ್ದೆ. ಕಪಾಟು ಇಕ್ಕಟ್ಟು, ಉತ್ತರ, ದಕ್ಷಿಣ, ಎರಡೇ ದಾರಿ. ಉತ್ತರಕ್ಕೆ ಅತ್ತೆಯ ಶಾಸ್ತ್ರ ಅಡ್ಡ, ದಕ್ಷಿಣಕ್ಕೆ ಗಂಡನ ವಿಜ್ಞಾನ ಅಡ್ಡ. ಆಪರೇಷನ್ ಮೇಜನ್ನು ಯಾವತ್ತೂ ದಿಕ್ಕು ನೋಡಿ ಹಾಕಿಸದ ನಾನು, ಅಷ್ಟೊಂದು ಓದಿದವಳು, ಬಹಳ ಯೋಚನೆ ಮಾಡಿ ಬಾಟಲಿಯನ್ನು ಎತ್ತಿ ನಿಲ್ಲಿಸಿದೆ. ನಿಂತವರಿಗೆ ದಿಕ್ಕಿನ ದೋಷವಿಲ್ಲ.

ಗಮನಿಸಿದವಳು ನಮ್ಮ ಮಗಳೊಬ್ಬಳೇ. "ಅಂಕಲ್ ಸೆಡ್ ಸ್ಲೀಪಿಂಗ್, ಅಮ್ಮಾ."

"ನಿಂತ್ಕೊಂಡೇ ನಿದ್ದೆ ಮಾಡತ್ತೆ, ಕುದುರೆ ಥರ," ಎಂದೆ. ಅವಳು ನಂಬಿದಳು. ನಾನೂ ನಂಬಿದೆ.

ವರ್ಷಗಳು ಹೋದವು. ಅಂಕಲ್ ಕ್ರಿಸ್‌ಮಸ್ಸಿಗೆ ಫೋನ್ ಮಾಡುತ್ತಿದ್ದರು. ಮೊದಲು ನಮ್ಮನ್ನು, ಆಮೇಲೆ ಅದನ್ನು ವಿಚಾರಿಸುತ್ತಿದ್ದರು. "ಚೆನ್ನಾಗಿದೆ ಅಂಕಲ್," ಎನ್ನುತ್ತಿದ್ದೆ. ಸುಳ್ಳೇನಲ್ಲ. ವಾರಕ್ಕೊಮ್ಮೆ ಸೀರೆ ಬಿಚ್ಚಿ ನೋಡುತ್ತಿದ್ದೆ. ಒಂದು ಹನಿ ಸೋರಿರಲಿಲ್ಲ. ಮಲಗಿದ್ದರೆ ಸೋರುತ್ತಿತ್ತೋ ಏನೋ, ನಿಲ್ಲಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿಕೊಂಡದ್ದೂ ಉಂಟು.

ನಾವು ಅಡಿಲೇಡಿಗೆ ಬಂದೆವು. ಅಲ್ಲಿಯೂ ಬಾಟಲಿಯನ್ನು ನಿಲ್ಲಿಸಿಯೇ ಇಟ್ಟೆ. ಅವರೂ ಕೆಲಸ ಬಿಟ್ಟು ಅಡಿಲೇಡಿನಲ್ಲಿದ್ದ ಮಗಳ ಮನೆಗೆ ಬಂದರು. ಒಂದೇ ಊರಾಯಿತು, ಇನ್ನೇನು ಎಬ್ಬಿಸೋಣ, ಈಸ್ಟರಿಗೆ ಎಂದರು. ಆ ಈಸ್ಟರಿಗೆ ನನಗೆ ಡ್ಯೂಟಿ. ಮುಂದಿನದಕ್ಕೆ ಅವರ ಅಣ್ಣ ತೀರಿಕೊಂಡ ಸುದ್ದಿ ಬಂದಿತ್ತು. ಅಣ್ಣನ ಮಕ್ಕಳು ತೋಟ ಮಾರಿದರು. ಕೊಂಡವರು ಬಳ್ಳಿ ಕಿತ್ತು, ಕಲ್ಲಿನ ಮೆಟ್ಟಿಲನ್ನು ಸಮ ಮಾಡಿ, ಸಮುದ್ರ ಕಾಣುವ ಹೋಟೆಲು ಕಟ್ಟಿಸುತ್ತಿದ್ದರು.

"ಈಗ ಅಣ್ಣಂದು ಅಂತ ಉಳಿದಿರೋದು ನಿನ್ನ ಮನೇಲಿ ಮಲಗಿರೋದು ಒಂದೇ, ಡಾಕ್ಟರ್," ಎಂದರು ಫೋನಿನಲ್ಲಿ. ಆ ರಾತ್ರಿ ಬಾಟಲಿಗೆ ಇನ್ನೊಂದು ಸೀರೆ ಸುತ್ತಿದೆ.

ಆಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ತೆರೆದು ನೋಡಿ, ಏನೂ ಮಾಡದೆ ಹೊಲಿದರು. ನನ್ನ ಕಸುಬಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ವಾರವಿಡೀ ಊಟ ಸೇರದವರು ಶುಕ್ರವಾರ ಮಗಳ ಕೈಯಲ್ಲಿ ಫೋನ್ ಮಾಡಿಸಿದರು. ಅಣ್ಣನ ತೋಟದ್ದು ಒಂದು ಗುಟುಕು ಬಾಯಿಗೆ ಬಿದ್ದರೆ ಸಾಕು, ಬೇರೇನೂ ಬೇಡ ಎಂದರಂತೆ.

ಹೀಗೆ ಆ ಶನಿವಾರ, ಎರಡು ಸೀರೆ, ಎರಡು ತಿರುಪು, ಒಬ್ಬ ಗಂಡನ ಸಮೇತ ಹೊರಟದ್ದು.

ಅವರು ಬದುಕಿದ್ದರು. ಗಡ್ಡ ಕೂಡ ಹೆರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ, ದಿಂಬಿಗೊರಗಿ ಕೂತಿದ್ದರು. ಅವರ ಮಗಳು ಗ್ಲಾಸುಗಳನ್ನು ಒರೆಸಿಟ್ಟಿದ್ದಳು, ನಮಗೆಂದು ಕಿತ್ತಲೆ ರಸ. ಸೀರೆ ಬಿಚ್ಚಿ ಬಾಟಲಿಯನ್ನು ಅವರ ಕೈಗೆ ಕೊಟ್ಟೆ. ಮಗುವಿನ ತಲೆ ಹಿಡಿಯುವಂತೆ ಕತ್ತಿನ ಕೆಳಗೆ ಕೈಕೊಟ್ಟು ಹಿಡಿದರು. ತಿರುಪನ್ನೂ ತಾವೇ ಹಾಕುತ್ತೇನೆಂದರು.

ತಿರುಪು ಒಳಗೆ ಹೋದದ್ದೇ ಬಿರಡೆ ಹಳೇ ರಸ್ಕಿನ ಹಾಗೆ ಪುಡಿಯಾಯಿತು. ಕಂದು ಪುಡಿ ಅವರ ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಅವರು ಅದನ್ನು ಬೆರಳಲ್ಲಿ ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿಲ್ಲಿಸಿದ್ಯಾ?"

ಬಿರಡೆ ಒದ್ದೆಯಾಗಿರಲೆಂದೇ ಮಲಗಿಸುವುದು. ಒಣಗಿದರೆ ಗಾಳಿ ಒಳಗೆ ಹೋಗಿ ವೈನನ್ನು ತಿನ್ನುತ್ತದೆ. ಇದನ್ನು ನನಗೆ ಮೆಲ್ಲಗೆ ಹೇಳಿದವಳು ಅವರ ಮಗಳು. ಅವರು ಗ್ಲಾಸಿಗೆ ಬಗ್ಗಿಸಿಕೊಂಡಾಗ ವಾಸನೆ ನನಗೂ ಬಂತು. ಕುಡಿಯದವರಿಗೂ ಗೊತ್ತಾಗುವ ಹುಳಿ. ಆದರೂ ಒಂದು ಗುಟುಕು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅದರೊಳಗೆ ಯಾರನ್ನೋ ಹುಡುಕಿದರು. ನುಂಗಲಿಲ್ಲ. ಮಗಳು ಬಟ್ಟಲು ಹಿಡಿದಳು.

"ಇವನಲ್ಲ," ಎಂದರು.

ಅತ್ತೆಯ ಕಥೆ ಹೇಳಿದೆ. ಉತ್ತರ, ದಕ್ಷಿಣ, ಇಕ್ಕಟ್ಟು ಕಪಾಟು, ಆನೆ, ಎಲ್ಲ. ಹೇಳುತ್ತ ಹೇಳುತ್ತ ಅದು ಎಷ್ಟು ಪೆದ್ದು ಕಥೆ ಎಂದು ನನಗೇ ಕೇಳಿಸುತ್ತಿತ್ತು. ಅವರು ನಕ್ಕರು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

"ಆನೆ ತಲೆ ಯಾವ ಕಡೆ ಇತ್ತು ಅಂದೆ?"

"ಉತ್ತರಕ್ಕೆ, ಅಂಕಲ್."

"ನನ್ನದು ಯಾವ ಕಡೆ ಇದೆ?"

ಈ ದೇಶದಲ್ಲಿ ಸೂರ್ಯ ಉತ್ತರದ ಕಡೆಯೇ ನಡೆಯುತ್ತಾನೆ. ನಡುಹಗಲಿನ ಬಿಸಿಲು ಅವರ ದಿಂಬಿನ ಹಿಂದಿನ ಕಿಟಕಿಯಿಂದ ಒಳಗೆ ಬಂದು ಗ್ಲಾಸಿನ ಮೇಲೆ ಬಿದ್ದಿತ್ತು. ಉತ್ತರ ಗೊತ್ತಿದ್ದೂ ನಾನು ಅವರ ಅಂಗಿಯ ಮೇಲಿನ ಬಿರಡೆಯ ಪುಡಿ ಕೊಡವತೊಡಗಿದೆ. ಅವರು ಮಗಳನ್ನು ನೀರು ಕೇಳಿದರು, ಬಾಯಿ ಮುಕ್ಕಳಿಸಲು.

ಬಾಟಲಿ ಒಡೆಯಲಿಲ್ಲ. ಪೊಲೀಸರು ನಿಲ್ಲಿಸಲಿಲ್ಲ. ಡಾಕ್ಟರು ಬೇಡವೆನ್ನಲಿಲ್ಲ. ನಾವು ಹೊತ್ತಿಗೆ ಸರಿಯಾಗಿ ತಲುಪಿದೆವು, ಅವರು ಕಾದಿದ್ದರು, ಎರಡನೇ ತಿರುಪು ಬೇಕಾಗಲೇ ಇಲ್ಲ. ಕೆಟ್ಟದ್ದು ಒಂದು ಬಿರಡೆ, ಹೆಬ್ಬೆರಳಿನ ಒಂದು ಗೆಣ್ಣಿನಷ್ಟು, ಅದು ಒಣಗಿತ್ತು.