ರೇಡಿಯೇಟರ್ ಪಟ್ಟಿಯ ಮೇಲೆ ಸ.ಮೊ.

ಸರ್ವೋತ್ತಮ ಮೊಗವೀರರಿಗೆ ಹದಿಮೂರು ವರ್ಷದ ಗ್ರ್ಯಾಚುಯಿಟಿ ಬರಬೇಕು. ಕೊಡಬೇಕಾದವರು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಗ್ಯಾರೇಜು ಇಟ್ಟಿರುವ ಪೃಥ್ವಿರಾಜ್. ನಮ್ಮ ಊರಿನವರೇ, ಇಲ್ಲಿಯ ನಮ್ಮ ಕನ್ನಡ ಸಂಘದ ಸಮಾರಂಭಗಳಲ್ಲಿ ಮೊದಲ ಸಾಲಿನ ಕುರ್ಚಿಯವರೇ.

ಮಲ್ಪೆಯ ಸರ್ವೋತ್ತಮ ಈ ಗ್ಯಾರೇಜಿಗೆ ಸೇರಿದ್ದು 2005ರಲ್ಲಿ. ಆಗ ಬಾಗಿಲಿಗೆ ದಿನವೂ ಬರುತ್ತಿದ್ದ ಕಾರು ಲುಮಿನಾ. ಹೆಸರಿಗೆ ಷೆವರ್ಲೆ, ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಅದು ಹೋಲ್ಡನ್ ಕಮೊಡೋರ್, 1978ರಿಂದ ಸಂಸಾರಸ್ಥರ ಕಾರು. ಗಲ್ಫಿಗೆ ಕಳಿಸುವಾಗ ಸ್ಟಿಯರಿಂಗ್ ಎಡಕ್ಕೆ ಹಾಕಿ, ಮೂತಿಗೆ ಬೇರೆ ಲಾಂಛನ ಅಂಟಿಸಿದರು. ದೊಡ್ಡ ಡಿಕ್ಕಿ, ಹಿಂದೆ ಮೂವರು ಕಾಲು ಚಾಚುವಷ್ಟು ಜಾಗ. ನಮ್ಮವರು ಸೆಕೆಂಡ್‌ಹ್ಯಾಂಡಿನಲ್ಲಿ ಮುಗಿಬಿದ್ದು ಕೊಂಡರು. ಆಮೇಲೆ ಹೊಸ ಮೈಕಟ್ಟಿನ ಲುಮಿನಾ ಬಂತು, ಅದನ್ನೂ ಸರ್ವೋತ್ತಮ ಬಿಚ್ಚಿ ಕಲಿತರು. 2017ರಲ್ಲಿ ಆಸ್ಟ್ರೇಲಿಯಾದ ಕಾರ್ಖಾನೆಯೇ ಮುಚ್ಚಿತು. ಸರ್ವೋತ್ತಮ ಗುಜರಿ ಅಲೆದು ಬಿಡಿಭಾಗ ತಂದು ಹಳೆಯವನ್ನು ಓಡಿಸಿದರು.

ಅವರದೊಂದು ಪದ್ಧತಿ ಇತ್ತು. ಆಯಿಲ್ ಬದಲಿಸಿದಾಗಲೆಲ್ಲ ರೇಡಿಯೇಟರ್ ಮೇಲಿನ ಕಬ್ಬಿಣದ ಪಟ್ಟಿಯಲ್ಲಿ ಬಿಳಿ ಪೇಂಟಿನಿಂದ ತಾರೀಕು, ಓಡಿದ ಕಿಲೋಮೀಟರು, ಕೊನೆಗೆ ಕನ್ನಡದಲ್ಲಿ ‘ಸ.ಮೊ.’ ಎಂದು ಬರೆಯುತ್ತಿದ್ದರು. ಗಿರಾಕಿ ಬಿಲ್ಲು ಕಳೆಯುತ್ತಾನೆ, ಪಟ್ಟಿ ಕಳೆಯುವುದಿಲ್ಲ.

"ಎಂತ ಮಾರಾಯ, ಇದು ನಿನ್ನ ಅಪ್ಪನ ದೋಣಿಯಾ, ಹೆಸರು ಬರೀಲಿಕ್ಕೆ?" ಎಂದು ಪೃಥ್ವಿರಾಜ್ ನಗುತ್ತಿದ್ದರು.

ಕಳೆದ ವರ್ಷ ಮಂಡಿ ಸೋತು ಸರ್ವೋತ್ತಮ ಕೆಲಸ ಬಿಟ್ಟರು. ಲೆಕ್ಕ ಕೇಳಿದರೆ, 2018ರಿಂದ ಈಚಿನದನ್ನಷ್ಟೇ ಕೊಟ್ಟ ಧಣಿಯ ಉತ್ತರ: "ನೀನು ನನ್ನಲ್ಲಿ ಸೇರಿದ್ದು 2018ರಲ್ಲಿ. ಮೊದಲು ನನ್ನ ಭಾವನ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ಇದ್ದದ್ದಲ್ವಾ? ಆ ಅಂಗಡಿ ಖಲಾಸ್. ಅವನನ್ನೇ ಕೇಳು."

ಆ ಅಂಗಡಿಯ ಬಾಗಿಲನ್ನೂ ಸರ್ವೋತ್ತಮ ಕಂಡಿಲ್ಲ. ವೀಸಾ ಮಾತ್ರ ಅಲ್ಲಿಯದು. 2018ರಲ್ಲಿ ವೀಸಾ ಬದಲಿಸುವಾಗ ‘ನನಗೆ ಬರಬೇಕಾದ್ದೆಲ್ಲ ಬಂದಿದೆ’ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿಕೊಟ್ಟಿದ್ದಾರೆ.

"ಓದದೆ ಯಾಕೆ ಸಹಿ ಹಾಕಿದ್ರಿ?" ಎಂದು ಮುಹೈಸ್ನಾದ ಅವರ ರೂಮಿನಲ್ಲಿ ಕೂತು ರೇಗಿದೆ.

"ಯಲ್ಲಾ ಯಲ್ಲಾ, ಬೇಗ ಹಾಕು ಅಂದ್ರು. ಊರಿನವರಲ್ವಾ, ಓದ್ಲಿಕ್ಕೆ ಕೂತ್ರೆ ಬೇಜಾರಾಗ್ತದೆ ಅಂತ..."

ತಲೆ ಚಚ್ಚಿಕೊಳ್ಳಬೇಕು. ಬೇಜಾರಂತೆ!

ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆವು. ಉಳಿದ ಸಾಕ್ಷಿ ಆ ಬಿಳಿ ಪೇಂಟು ಒಂದೇ. ಗಿರಾಕಿಗಳನ್ನು ಕೇಳಿ ಎಂದರೆ ಇವರಿಗೆ ಸಂಕೋಚ. ನಾನೇ ಫೋನು ಹಚ್ಚಿದೆ. ಹನ್ನೊಂದು ಮನೆಯವರು ‘ನೋಡೋಣ’ ಎಂದರು. ನೋಡಲಿಕ್ಕೆ ಬಾನೆಟ್ ಎತ್ತಬೇಕಲ್ಲ, ಅದನ್ನು ಯಾರೂ ಮಾಡಲಿಲ್ಲ. ಬನ್ನಿ ಎಂದವರು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ದೀಪ್ತಿ ಒಬ್ಬರೇ. ಅವರ 2008ರ ಲುಮಿನಾ ಇನ್ನೂ ಓಡುತ್ತಿದೆ.

ಅವರ ಗಂಡ ಚಿರಂತನ್ ಗೇಟಿನಲ್ಲೇ ತಡೆದರು. "ಸಾರ್, ಪೃಥ್ವಿರಾಜ್ ನಮಗೂ ಬೇಕಾದವ್ರು. ನಮ್ಮನ್ನ ಕೇಸಿಗೆ ಎಳೀಬೇಡಿ."

"ಹದಿನಾರು ವರ್ಷ ಅರ್ಧ ರೇಟಿಗೆ ರಿಪೇರಿ ಮಾಡಿಸ್ಕೊಳ್ಳೋವಾಗ ಸರ್ವೋತ್ತಮಣ್ಣ ಬೇಕಿತ್ತು ಅಲ್ವಾ ನಿಮಗೆ?" ಎಂದು ದೀಪ್ತಿ ತಾವೇ ಬಾನೆಟ್ ಎತ್ತಿ ಸೆರಗಿನಿಂದಲೇ ಧೂಳು ಒರೆಸಿದರು. 14-3-2009. 22,400. ಸ.ಮೊ. ಅದರ ಕೆಳಗೆ ಅಳಿಸದೆ ಉಳಿದವು ಸಾಲಾಗಿ ಇನ್ನೂ ಏಳು. ಕಾರಿನ ಕಾಗದಗಳ ಜೊತೆ ಪೃಥ್ವಿರಾಜ್ ಗ್ಯಾರೇಜಿನ ಬಿಲ್ಲೂ ಸಿಕ್ಕಿತು, ಅದೇ ತಾರೀಕಿನದು.

ಫೋಟೊ ಕಾರ್ಮಿಕ ಇಲಾಖೆಗೆ ಕೊಟ್ಟೆವು. ಒಂದು ಕಾರು ಸಾಲದು, 2005ರಿಂದ ಎಲ್ಲ ವರ್ಷಗಳದ್ದೂ ತನ್ನಿ ಎಂದರು. ವಿಚಾರಣೆ ಮುಂದಿನ ತಿಂಗಳು ಇಪ್ಪತ್ತಕ್ಕೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಲುಮಿನಾ ಓಡಿಸಿದ್ದೀರಿ ಎಂದು ನನಗೆ ಗೊತ್ತು. ‘ಪಾಪ’ ಎನ್ನಬೇಡಿ. ಪಾರ್ಕಿಂಗಿಗೆ ಇಳಿಯಿರಿ, ಬಾನೆಟ್ ಎತ್ತಿ, ಪಟ್ಟಿ ಒರೆಸಿ, ಫೋಟೊ ತೆಗೆಯಿರಿ. ಕಾರು ಮಾರಿದ್ದರೆ ಹಳೇ ಬಿಲ್ಲು ಹುಡುಕಿ. ಮುಂದಿನ ತಿಂಗಳು ಹದಿನೈದನೇ ತಾರೀಕಿನೊಳಗೆ ನನಗೆ ಕಳಿಸಿ, ಕೆಳಗೆ ನಿಮ್ಮ ಪೂರ್ತಿ ಹೆಸರು ಬರೆದು. ಸರ್ವೋತ್ತಮ ಬರೆದಿದ್ದಾರೆ. ನೀವೂ ಬರೆಯಿರಿ.